ಮುರಿಗೆಯ್ಯನ ಉದ್ದ ಶಬ್ದ

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ಮುರಿಗೆಯ್ಯ ಒಂಬತ್ತು ವರ್ಷ ಓದಿದ್ದ. ಶಾಸ್ತ್ರವೆಲ್ಲ ನಾಲಿಗೆಯ ತುದಿಯಲ್ಲಿತ್ತು, ಆದರೆ ಆ ತುದಿ ದಾಟಿ ಹೊರಗೆ ಬರುತ್ತಿರಲಿಲ್ಲ. ಅವನಿಗೆ ಉಗ್ಗು.

ಓದು ಮುಗಿಸಿದವರು ಭಕ್ತರ ಮುಂದೆ ಒಂದು ಪ್ರವಚನ ಹೇಳಬೇಕು. ಹೇಳಿ ಗೆದ್ದವರೇ ಮುಂದೆ ಗುರುಗಳಾಗಿ ಊರುಗಳಿಗೆ ಹೋಗುವವರು. ಹೋದ ವರ್ಷ ಮುರಿಗೆಯ್ಯ ಪೀಠ ಹತ್ತಿ, ಮೊದಲ ಮಾತಿನಲ್ಲೇ ಸಿಕ್ಕಿಕೊಂಡು, ಕಣ್ಣೊರೆಸುತ್ತ ಇಳಿದು ಬಂದಿದ್ದ. ಈ ವರ್ಷದ ಸರದಿ ನಾಳೆಗಿತ್ತು.

ಅವನು ಗುರುಗಳಾದ ಅಡವಯ್ಯಜ್ಜನ ಮುಂದೆ ಹೋಗಿ ನಿಂತ. ತನ್ನನ್ನು ಅಡುಗೆಮನೆಗೆ ಹಾಕಿಬಿಡಿ, ರೊಟ್ಟಿ ಬಡಿಯಲು ಮಾತು ಬೇಕಿಲ್ಲ ಎಂದು ಬೇಡಿಕೊಂಡ. ಅಷ್ಟು ಹೇಳಿ ಮುಗಿಸುವುದರೊಳಗೆ ಬೆವೆತುಹೋಗಿದ್ದ.

ಅಜ್ಜ ಅವನ ಬಗಲಿನ ಪುಸ್ತಕದ ಕಡೆ ಕೈ ತೋರಿಸಿದರು. "ಬಗಲಾಗ ಏನದು?" ಎಂದರು.

ಯಾರೋ ನಿವೃತ್ತ ಮಾಸ್ತರರು ಮಠಕ್ಕೆ ಕೊಟ್ಟ ಹಳೆಯ ಇಂಗ್ಲಿಷ್ ಡಿಕ್ಷನರಿ. ಈಗ ಯಾರೂ ಬಳಸದ ಮಾರುದ್ದದ ಶಬ್ದಗಳನ್ನು ಹುಡುಕಿ ಹುಡುಕಿ ಓದುವುದು ಮುರಿಗೆಯ್ಯನ ಗುಟ್ಟಿನ ಚಟ. ನಾಚುತ್ತಲೇ ಒಂದನ್ನು ತೋರಿಸಿದ. ಅಲ್ಟ್ರಾಕ್ರೆಪಿಡೇರಿಯನ್ ಅಂದರೆ ತನಗೆ ತಿಳಿಯದ ವಿಷಯದಲ್ಲೂ ಬಾಯಿ ಹಾಕುವವನು. ಅಂಥವರು ನಮ್ಮಲ್ಲೇ ಬೇಕಾದಷ್ಟು ಇದ್ದಾರೆ ಎಂದು ಅಜ್ಜ ಹೊಟ್ಟೆ ಹಿಡಿದು ನಕ್ಕರು.

"ನಿನಗ ಭಾಳ ಸೇರಿದ್ದು ಯಾವುದು?"

ಮುರಿಗೆಯ್ಯ ಕಣ್ಣು ಮುಚ್ಚಿ, ಎಲ್ಲೂ ತಡೆಯದೆ ಹೇಳಿದ. "ಫ್ಲಾಕ್ಸಿನಾಸಿನೈಹಿಲಿಪಿಲಿಫಿಕೇಶನ್."

ಅಜ್ಜ ಅವನನ್ನೇ ನೋಡಿದರು. "ಇದರಾಗ ಯಾಕ ಉಗ್ಗಲಿಲ್ಲ?"

"ತ-ತುಂಡ ಮಾಡಿ ಕಲತೇನ್ರಿ ಅಜ್ಜಾರ. ಒಂ-ಒಂದೊಂದು ತುಂಡಿಗೆ ಉಸಿರು ತಗೊಂಡು. ಆಮ್ಯಾಲೆ ಕೂಡಿಸಿದೆ."

ಮರುದಿನ ಇಳಿಹೊತ್ತಿಗೆ ಮಠದ ಅಂಗಳ ತುಂಬಿತ್ತು. ಅಜ್ಜ ಮುರಿಗೆಯ್ಯನನ್ನು ಪೀಠದ ಮೇಲೆ ಕೂರಿಸಿ, ಇವನು ಹೇಳುವ ಶಬ್ದವನ್ನು ಮೊದಲು ಎಲ್ಲರೂ ಹೇಳಬೇಕು, ಪ್ರವಚನ ಆಮೇಲೆ ಎಂದು ಸಭೆಗೆ ಅಪ್ಪಣೆ ಮಾಡಿದರು.

ಮುರಿಗೆಯ್ಯ ಹೇಳಿದ. ಸಭೆ ಹೇಳಹೊರಟು ಅರ್ಧದಲ್ಲೇ ಮುಗ್ಗರಿಸಿತು. ನೀರು ಕುಡಿದಷ್ಟು ಸಲೀಸಾಗಿ ಮಾತಾಡುವ ಹಿರಿಯ ಶಿಷ್ಯ ಶಂಭುಲಿಂಗ ಮೂರು ಸಲ ಎದ್ದು, ಮೂರು ಸಲವೂ ಫ್ಲಾ ಫ್ಲಾ ಎಂದು ಕುಳಿತ. ಜನ ತಮ್ಮ ತಮ್ಮ ನಾಲಿಗೆಗೆ ತಾವೇ ನಕ್ಕರು. ಮುರಿಗೆಯ್ಯನಿಗೂ ನಗು ಬಂತು.

"ಅರ್ಥ ಹೇಳಪಾ," ಎಂದರು ಅಜ್ಜ.

"ಒಂ-ಒಂದನ್ನ, ಏನೂ ಕಿಮ್ಮತ್ತಿಲ್ಲದ್ದು ಅಂತ ತ-ತಳ್ಳಿ ಹಾಕೂದು."

ಈಗ ಯಾರೂ ನಗಲಿಲ್ಲ. ಅವನು ಮುಂದುವರಿಸಿದ. ತನ್ನನ್ನು ತಾನೇ ಹಾಗೆ ತಳ್ಳಿಹಾಕಿದ್ದ ಒಂಬತ್ತು ವರ್ಷಗಳ ಕಥೆ ಹೇಳಿದ. ಯಾರನ್ನೂ ಹಾಗೆ ತಳ್ಳದ ಶರಣರ ಕಥೆ ಹೇಳಿದ. ಉಗ್ಗಿದಲ್ಲಿ ನಿಂತ, ಉಸಿರು ತೆಗೆದುಕೊಂಡ, ಮತ್ತೆ ಹೊರಟ. ಹೊಳೆಯ ಮೇಲಿನ ಬಿಸಿಲು ಆರುವವರೆಗೂ ಹೇಳಿದ.

ಮುಗಿಸಿದಾಗ ಅಂಗಳಕ್ಕೆ ಅಂಗಳವೇ ಕೈಮುಗಿಯಿತು. ಮುರಿಗೆಯ್ಯನಿಗೆ ಎದೆ ತುಂಬಿ ಬಂತು. ಗೆದ್ದೆ ಅನ್ನಿಸಿತು, ಜೀವನದಲ್ಲಿ ಮೊದಲ ಸಲ.

ಶಂಭುಲಿಂಗ ಮಾತ್ರ ಅಜ್ಜನ ಬಳಿ ಬಗ್ಗಿ, ಇವನು ಮಾತಿಗೊಮ್ಮೆ ಉಗ್ಗಿದನಲ್ಲ, ಇಂಥವನನ್ನು ಊರಿಗೆ ಗುರು ಮಾಡಿ ಕಳಿಸುವುದು ಹೇಗೆ ಎಂದು ಕೇಳಿದ.

ಅಜ್ಜ ಅಂದರು, "ಹೂಂ, ಉಗ್ಗಿದ. ಆದರ ಒಬ್ಬರರೆ ನಡುವ ಎದ್ದು ಹೋದರಾ?"