ದಳವಾಯಿಯ ಹೊಟ್ಟೆ ಅಳೆದ ನೀರು

ಜಡೆಯಪ್ಪ ನಾಯಕರ ಆಸ್ಥಾನದಲ್ಲಿ ನನ್ನಷ್ಟು ಜಾಣ ಇನ್ನೊಬ್ಬ ಇರಲಿಲ್ಲ. ಸುಳ್ಳು ಅನ್ನಿಸಿದರೆ ಆಗಿನವರನ್ನೇ ಕೇಳಿ. ಎಲ್ಲರೂ ಸತ್ತಿದ್ದಾರೆ, ಆ ಮಾತು ಬೇರೆ.

ನಮ್ಮ ಕೆರೆ ಕಾಲುವೆ ಎರಡಾಗಿ ಒಡೆದು ಮೇಲಿನಹಟ್ಟಿಗೊಂದು, ಕೆಳಗಿನಹಟ್ಟಿಗೊಂದು ಹೋಗುತ್ತದಲ್ಲ, ಎರಡರ ಬಾಯಲ್ಲೂ ಒಂದೇ ಅಳತೆಯ ಕಲ್ಲುಗಂಡಿ. ಆದರೂ ಕೆಳಗಿನಹಟ್ಟಿಯ ಭತ್ತ ಒಣಗುತ್ತಿತ್ತು. ಮೇಲಿನಹಟ್ಟಿಯ ಗದ್ದೆಯೆಲ್ಲ ದಳವಾಯಿ ಬುಳ್ಳಪ್ಪನದು. ಅವನ ಹೊಟ್ಟೆಯೋ, ಕೋಟೆಯ ಆನೆಬಾಗಿಲನ್ನೂ ಉಸಿರು ಬಿಗಿಹಿಡಿದೇ ದಾಟುತ್ತಿದ್ದ.

ಕೆಳಗಿನಹಟ್ಟಿಯವರು ದೂರು ತಂದಾಗ ಬುಳ್ಳಪ್ಪ ಗುಡುಗಿದ: "ಗಂಡಿ ಸಮ ಇದ್ದಮೇಲೆ ನೀರೂ ಸಮ! ಅಲ್ಲ ಅನ್ನುವವನು ಅಳೆದು ತೋರಿಸಲಿ. ಆದರೆ ಹೊಸ ಅಳತೆ ತರಬಾರದು, ಕಾಲುವೆಯಲ್ಲಿ ಕಲ್ಲು ನೆಡಬಾರದು, ಕೋಲು ಊರಬಾರದು. ತೋರಿಸದಿದ್ದರೆ ಕೆಳಗಿನಹಟ್ಟಿಗೆ ಇರೋ ನೀರೂ ಬಂದ್."

ನಾಯಕರು ನನ್ನ ಕಡೆ ನೋಡಿದರು. "ಏನೋ ರಾಚ, ಆಗುತ್ತೇನೋ?"

"ಆಗುತ್ತೆ ಬುದ್ಧಿ. ದಳವಾಯಿಗಳೇ ಬಂದು ಗಂಡಿಯೊಳಗೆ ಕೂರಲಿ. ನಾಳೆ ರಾಚ ಮೋಸ ಮಾಡಿದ ಅನ್ನಬಾರದು ನೋಡಿ."

ಬುಳ್ಳಪ್ಪ ಮೀಸೆ ತಿರುವಿ ಬಂದ. ಮೇಲಿನ ಗಂಡಿಯಲ್ಲಿ ಕೂತ. ನೀರು ಹೊಕ್ಕುಳ ದಾಟಿತು. ಎಬ್ಬಿಸಿ ಕೆಳಗಿನ ಗಂಡಿಯಲ್ಲಿ ಕೂರಿಸಿದೆ.

"ಹೇಗಿದೆ ದಳವಾಯಿಗಳೇ?"

"ಕಲ್ಲು ಚುಚ್ಚುತ್ತೋ!"

"ಕೇಳಿದಿರಾ ಬುದ್ಧಿ? ಅಲ್ಲಿ ಹೊಕ್ಕುಳ ಮುಳುಗಿತು. ಇಲ್ಲಿ ಕುಂಡಿ ತೇವ ಆಗೋಕೂ ನೀರಿಲ್ಲ."

ಬುಳ್ಳಪ್ಪ ಕೂತಲ್ಲೇ ಕಿರುಚಿದ: "ಹೊಸ ಅಳತೆ ತರಬಾರದು ಅಂದಿದ್ದೆ!"

"ಹೊಸದೆಲ್ಲಿ ಬಂತು ಸ್ವಾಮಿ? ಕೆಳಗಿನಹಟ್ಟಿಯ ನೀರು ಕದ್ದು, ಬೆಳೆ ಮೇಲೆ ಬೆಳೆ ತೆಗೆದು, ತಾವೇ ಕಟ್ಟಿಸಿದ ಹಳೇ ಕಟ್ಟಡ ಈ ಹೊಟ್ಟೆ."

ನಾಯಕರು ನಕ್ಕೂ ನಕ್ಕೂ ಪೇಟ ಕಾಲುವೆಗೆ ಬಿತ್ತು. "ಇಲ್ಲೂ ಹೊಕ್ಕುಳ ಮುಳುಗುವವರೆಗೆ ಬುಳ್ಳಪ್ಪ ಏಳಕೂಡದು!" ಅಂತ ಅಪ್ಪಣೆಯಾಯಿತು. ಬುಳ್ಳಪ್ಪನ ಆಳುಗಳೇ ಓಡಿಹೋಗಿ, ಮೇಲಿನಹಟ್ಟಿಗೆ ನೀರು ತಿರುಗಿಸಲು ತಾವೇ ಹಾಕಿದ್ದ ಕಳ್ಳ ಒಡ್ಡನ್ನು ಕಿತ್ತರು. ಆ ವರ್ಷ ಕೆಳಗಿನಹಟ್ಟಿಯಲ್ಲಿ ಭತ್ತ ನನ್ನ ಎತ್ತರಕ್ಕೆ ಬೆಳೆಯಿತು.

ಇಷ್ಟು ಹೇಳಿ ನಾನು ಎಲೆಯಡಿಕೆ ಬಾಯಿಗೆ ಹಾಕಿಕೊಂಡರೆ, ಕುರಿ ಕಾಯುವ ಸಾಕಮ್ಮ ಸುಮ್ಮನಿರಬೇಕಲ್ಲ.

"ತಾತ, ಮೊನ್ನೆ ಆ ಗಂಡೀಲಿ ನನ್ನ ಕುರಿಮರಿ ಸಿಕ್ಕಾಕ್ಕೊಂಡು ಒದ್ದಾಡ್ತು. ಆನೆಬಾಗಿಲಲ್ಲೇ ಕಷ್ಟಪಟ್ಟು ಹಿಡೀತಿದ್ದ ಹೊಟ್ಟೆ ಅದರೊಳಗೆ ಹೆಂಗೆ ಹಿಡೀತು?"

ನಾನು ಹೆಗಲು ಕುಣಿಸಿದೆ.

"ಗಂಡಿಗೂ ವಯಸ್ಸಾಗುತ್ತಮ್ಮ. ನಾನು ಕುಗ್ಗಿಲ್ವಾ?"