ಹರಟೆಮಲ್ಲ ಹಕ್ಕಿಗಳ ಬಾಯಿಗೆ ಬಿಡುವಿಲ್ಲದ್ದೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ತಮ್ಮ ಜಾಗ ಯಾವುದೆಂದು ಆಗಷ್ಟೇ ಗೊತ್ತಾಗಿತ್ತು. ಆಗ ಹರಟೆಮಲ್ಲ ಹಕ್ಕಿಗಳು ಹರಟುತ್ತಲೇ ಇರಲಿಲ್ಲ. ತುಟಿ ಪಿಟಕ್ಕೆನ್ನದೆ, ಹಕ್ಕಿಗೆಲ್ಲಿಯ ತುಟಿ ಎನ್ನಬೇಡ, ಒಂದೊಂದೂ ತನ್ನ ಪಾಡಿಗೆ ತಾನು ತರಗೆಲೆ ಕೆದಕಿ ಹುಳು ತಿನ್ನುತ್ತಿತ್ತು.

ಮಾತಿನ ಅಗತ್ಯವೇ ಇರಲಿಲ್ಲ. ನಾಳೆ ಏನಾಗುತ್ತದೆ ಎಂಬುದನ್ನು ಗಾಳಿಯಪ್ಪ ಇವತ್ತೇ ಬಂದು ಹೇಳಿಹೋಗುತ್ತಿದ್ದ. "ನಾಳೆ ಮಳೆ, ಗೂಡು ಭದ್ರ." "ನಾಳೆ ಗಿಡುಗ ಈ ಕಡೆ ಬರ್ತಾನೆ, ಪೊದೆ ಬಿಟ್ಟು ಬರಬೇಡಿ."

ಒಂದು ದಿನ ಗಾಳಿಯಪ್ಪ ಏದುಸಿರು ಬಿಡುತ್ತಾ ಬಂದ. "ಇನ್ನು ಮೇಲೆ ನನ್ನ ಕೇಳಬೇಡಿ. ಸೂರ್ಯ ಒಂದು ಕಡೆ ಎಳೀತಾನೆ, ಸಮುದ್ರ ಇನ್ನೊಂದು ಕಡೆ ತಳ್ಳುತ್ತೆ. ನಾಳೆ ಎಲ್ಲಿರ್ತೀನೋ ನನಗೇ ಗೊತ್ತಿಲ್ಲ," ಎಂದವನೇ ಹೊರಟುಹೋದ.

ಅಂದಿನಿಂದ ಮಳೆ ಬರಬೇಕಾದಾಗ ಬಿಸಿಲು, ಬಿಸಿಲಿರಬೇಕಾದಾಗ ಮಳೆ. ಹುಳು ಸಿಕ್ಕರೆ ಸಿಕ್ಕಿತು. ಗಿಡುಗ ಬೇಕೆಂದಾಗ ಬಂದ. ಹೊಂಗೆ ಮರದ ಬುಡದಲ್ಲಿ ಬೂದಕ್ಕ ಎಂಬ ತಾಯಿಹಕ್ಕಿ ತಲೆ ತಗ್ಗಿಸಿ ಕೆದಕುತ್ತಿದ್ದಾಗಲೇ ಅವಳ ಒಂದು ಮರಿಯನ್ನು ಎತ್ತಿಕೊಂಡು ಹೋದ. ಉಳಿದದ್ದು ಒಂದೇ ಮರಿ.

ಬೂದಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತಲೆ ತಗ್ಗಿಸಿದರೆ ಗಿಡುಗನ ಭಯ. ತಲೆ ಎತ್ತಿದರೆ ಮರಿಗೆ ಹಸಿವು. ತಗ್ಗಿಸುವಳು, ಎತ್ತುವಳು, ಮತ್ತೆ ತಗ್ಗಿಸುವಳು. ಸುತ್ತ ನೋಡಿದರೆ ಎಲ್ಲ ಹಕ್ಕಿಗಳದ್ದೂ ಅದೇ ಕುಣಿತ. ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ.

ಅವಳು ಮುದಿಹಕ್ಕಿ ಕೊಕ್ಕಜ್ಜನ ಬಳಿ ಹೋದಳು. "ಅಜ್ಜ, ನಾನು ಮೇಲೆ ಕೂತು ಆಕಾಶ ನೋಡ್ತೀನಿ. ನೀವೆಲ್ಲ ನೆಮ್ಮದಿಯಾಗಿ ಕೆದಕಿ. ಆದರೆ ನನ್ನ ಮರಿಗೆ ನೀವೇ ತಿನ್ನಿಸಬೇಕು."

"ಅದಕ್ಕೇನಂತೆ ತಾಯಿ, ಹೋಗಿ ಕೂತ್ಕೋ," ಎಂದ ಕೊಕ್ಕಜ್ಜ. ಉಳಿದವರೂ ಹೂಂಗುಟ್ಟಿದರು.

ಬೂದಕ್ಕ ಒಣಕೊಂಬೆಯ ತುದಿಗೆ ಏರಿದಳು. ಕೆಳಗೆ ಎಲ್ಲರೂ ಹೊಟ್ಟೆ ತುಂಬ ತಿಂದರು. ಪೊದೆಯೊಳಗಿನ ಗೂಡಿನಲ್ಲಿ ಅವಳ ಮರಿ ಬಾಯಿ ತೆರೆದು ಕಿರುಚಿತು. ಒಬ್ಬರೂ ಹೋಗಲಿಲ್ಲ. ಕೊಕ್ಕಜ್ಜನಂತೂ ಹುಳುವಿನ ಮೇಲೆ ಹುಳು ನುಂಗುತ್ತಿದ್ದ. ಬೂದಕ್ಕ ಸಿಟ್ಟಿನಿಂದ ಕೊಂಬೆ ಕುಕ್ಕಿದಳು. ಇಳಿದುಬಿಡಲೇ? ಅಷ್ಟರಲ್ಲಿ ಗಿಡುಗ ಬಂದರೆ?

ಬಂದೇಬಿಟ್ಟ. ಬಿಸಿಲಿನ ಮರೆಯಲ್ಲಿ ಒಂದು ಕರಿ ಚುಕ್ಕೆ.

ಸದ್ದಿಲ್ಲದೆ ಇಳಿದು ತನ್ನ ಮರಿಯ ಮೇಲೆ ರೆಕ್ಕೆ ಹರಡಿಕೊಳ್ಳಲು ಅವಳಿಗೆ ಸಮಯವಿತ್ತು. ಕೂಗಿದರೆ ಗಿಡುಗನ ಕಣ್ಣು ಮೊದಲು ಬೀಳುವುದು ಅವಳ ಮೇಲೆಯೇ. ಮಾತು ತಪ್ಪಿದವರಿಗಾಗಿ ನಾನೇಕೆ ಕೂಗಲಿ ಎಂದು ಅನ್ನಿಸಿತು. ಹಾಗೆ ಅನ್ನಿಸುತ್ತಿರುವಾಗಲೇ ಗಂಟಲು ಹರಿಯುವಂತೆ ಕೂಗಿದಳು.

ಎಲ್ಲರೂ ಬಿದ್ದೆನೋ ಎದ್ದೆನೋ ಎಂದು ಪೊದೆಗೆ ನುಗ್ಗಿದರು. ಗಿಡುಗನ ಉಗುರಿಗೆ ಬೂದಕ್ಕನ ಬಾಲದ ಗರಿಯಷ್ಟೇ ಸಿಕ್ಕಿತು.

ಅವಳು ಗೂಡಿಗೆ ಬಂದರೆ, ಅಲ್ಲಿ ಕೊಕ್ಕಜ್ಜ! ಗಾಬರಿಯಲ್ಲಿ ಅವಳ ಗೂಡಿನ ಮೇಲೇ ಉರುಳಿಬಿದ್ದಿದ್ದ. ಕೊಕ್ಕಿನಲ್ಲಿ ಇನ್ನೂ ನುಂಗದ ದಪ್ಪ ಹುಳುವಿತ್ತು. ಹಸಿದ ಮರಿ ಅವನ ಮುಖಕ್ಕೇ ಬಾಯಿ ತೆರೆದಿತ್ತು. ಅಜ್ಜ ಮರಿಯನ್ನು ನೋಡಿದ, ಬೂದಕ್ಕನ ಕಿತ್ತುಹೋದ ಬಾಲವನ್ನು ನೋಡಿದ. ಹುಳುವನ್ನು ಮರಿಯ ಬಾಯಿಗಿಟ್ಟ.

"ತಪ್ಪಾಯ್ತು ತಾಯಿ. ನಾಳೆ ನಾನು ಮೇಲೆ ಕೂರ್ತೀನಿ."

"ಕೂತಲ್ಲೇ ನಿದ್ದೆಹೋದ್ರೆ?" ಬೂದಕ್ಕನ ಸಿಟ್ಟು ಇಳಿದಿರಲಿಲ್ಲ.

"ನೀನು ಕೆಳಗೆ ತಿಂತಾ ನನ್ನ ಮರೆತ್ರೆ?"

"ಹಾಗಾದ್ರೆ ಒಬ್ಬರನ್ನೊಬ್ಬರು ಕೇಳ್ತಾನೇ ಇರೋಣ."

ಮರುದಿನ ಕೊಕ್ಕಜ್ಜ ಕೊಂಬೆಯೇರಿದ. "ಅಜ್ಜ, ಇದ್ದೀಯಾ?" ಎಂದು ಕೆಳಗಿನಿಂದ ಬೂದಕ್ಕ. "ಇದ್ದೀನಿ! ಮರಿಗೆ ಕೊಟ್ರಾ?" "ಕೊಟ್ವಿ! ನೋಡ್ತಿದ್ದೀಯಾ?" "ನೋಡ್ತಿದ್ದೀನಿ! ನನ್ನ ಪಾಲು?" ಆಮೇಲೆ ಇನ್ನೊಬ್ಬರ ಸರದಿ, ಮತ್ತೆ ಅದೇ ಪ್ರಶ್ನೆ. ಯಾರ ಮರಿ ಬಾಯಿ ತೆರೆದರೂ ಹತ್ತಿರವಿದ್ದವರು ತುತ್ತಿಡುವುದು ರೂಢಿಯಾಯಿತು.

ಗಾಳಿಯಪ್ಪ ಆಮೇಲೂ ನೆಟ್ಟಗೆ ಏನನ್ನೂ ಹೇಳಲಿಲ್ಲ. ಬೂದಕ್ಕನ ಭಯವೂ ಹೋಗಲಿಲ್ಲ. ಆದರೆ ಅವಳ ಮರಿಗೆ ರೆಕ್ಕೆ ಬಲಿತು, ಒಂದು ದಿನ ಅದೇ ಕೊಂಬೆಯ ತುದಿಯಲ್ಲಿ ಹೋಗಿ ಕೂತಿತು.

ಬೇಲಿಯ ಬುಡದಲ್ಲಿ ಬೂದುಬಣ್ಣದ ಹಕ್ಕಿಗಳು ಗುಂಪುಗೂಡಿ ಕಚಪಿಚ ಎನ್ನುವುದನ್ನು ನೀನು ದಿನಾ ನೋಡುತ್ತೀಯಲ್ಲ ಮಗು, ಅದು ಜಗಳವಲ್ಲ. ತಲೆಯೆತ್ತಿ ಹುಡುಕು, ಮೇಲೊಂದು ಹಕ್ಕಿ ಕೂತಿರುತ್ತದೆ, ಕೆಳಗಿನವು ಅದನ್ನು ಇದ್ದೀಯಾ, ಇದ್ದೀಯಾ ಎಂದು ಕೇಳುತ್ತಿರುತ್ತವೆ.