ಸಾವಂತ್ರವ್ವನ ಒಂದು ದಿನದ ರಜೆ

ಊರಿಗೆ ನೀರು ಬಿಡುವ ನೀರುಗಂಟಿ ಕೆಲಸವನ್ನು ನಗರಸಭೆ ಸಾವಂತ್ರವ್ವನಿಗೆ ಕೊಡಲಿಲ್ಲ. ಹದಿನಾಲ್ಕು ವರ್ಷ ಅದೇ ಪಂಪ್‌ಹೌಸಿನ ಕಸ ಗುಡಿಸಿದವಳನ್ನು ಬಿಟ್ಟು, ಆಗಷ್ಟೇ ಬಂದ ಶಿವರುದ್ರನಿಗೆ ಕೊಟ್ಟಿತು. ಹೆಂಗಸರ ರಟ್ಟೆಗೆ ಆ ವಾಲ್ವ್ ಬಗ್ಗುವುದಿಲ್ಲವಂತೆ! ಅವಳು ದಾವೆ ಹೂಡಿದಳು. ಕೆಳಗಿನ ಕೋರ್ಟು ಅದನ್ನು ವಜಾ ಮಾಡಿತು. ಬಿಟ್ಟಾಳೆಯೇ? ಮೇಲ್ಮನವಿ ಹಾಕಿದಳು.

ವಿಚಾರಣೆಯ ದಿನ ಕಸ ಗುಡಿಸುವ ಕೆಲಸಕ್ಕೆ ರಜೆ ಚೀಟಿ ಕೊಟ್ಟು, ಬೆಳಿಗ್ಗೆಯೇ ಹೋಗಿ ಕೋರ್ಟಿನಲ್ಲಿ ಕೂತಳು.

ನಗರಸಭೆಯ ವಕೀಲರು ಗಂಡಸಿನ ತೋಳ್ಬಲವನ್ನು ಅರ್ಧ ಗಂಟೆ ಕೊಂಡಾಡಿದರು. ಗಂಟಲು ಒಣಗಿ ನೀರು ಕೇಳಿದರು. ಜವಾನ ಖಾಲಿ ಹೂಜಿ ತೋರಿಸಿದ.

"ಇವತ್ತು ಊರಿಗೇ ನೀರು ಬಂದಿಲ್ಲ ಸ್ವಾಮಿ."

"ಅದೇಕೆ?" ಎಂದರು ನ್ಯಾಯಾಧೀಶರು. ಅವರಿಗೂ ಅಂದು ಸ್ನಾನವಾಗಿರಲಿಲ್ಲ.

ಸಾವಂತ್ರವ್ವ ಎದ್ದು ಕೈಮುಗಿದಳು. "ದಿನಾ ವಾಲ್ವ್ ತಿರುವಾಕಿ ಇವತ್ತ ರಜಾ ಹಾಕ್ಯಾಳ್ರಿ."

"ಯಾರವಳು?"

"ನಾನ್ರಿ."

"ಶುದ್ಧ ಸುಳ್ಳು!" ಎಂದು ವಕೀಲರು ಕೂಗುವಷ್ಟರಲ್ಲಿ, ಆಳೆತ್ತರದ ವಾಲ್ವ್ ಕೀಲಿ ಹೊತ್ತು ಶಿವರುದ್ರನೇ ಓಡಿಬಂದ. ಬೆವರಿನಲ್ಲಿ ತೊಯ್ದುಹೋಗಿದ್ದ. ನ್ಯಾಯಾಧೀಶರು ಅವನ ಕಣ್ಣಿಗೇ ಬೀಳಲಿಲ್ಲ.

"ಯಕ್ಕಾ, ಮುಂಜಾನಿಂದ ಜಗ್ಗಾಕತ್ತೇನಿ, ಅಳ್ಳಾಡವಲ್ದು! ಮಂದಿ ಕೊಡಾ ಹಿಡಕೊಂಡು ಹೊಡ್ಯಾಕ ಬಂದಾರ. ನೀನ ಬಾರವ್ವಾ!"

ವಕೀಲರು ಮೆಲ್ಲಗೆ ಕೂತರು.

"ಮೇಲ್ಮನವಿ ಪುರಸ್ಕರಿಸಿದೆ, ಕೆಲಸ ಈಕೆಯದೇ," ಎಂದರು ನ್ಯಾಯಾಧೀಶರು. "ತಾಯಿ, ಇನ್ನಾದರೂ ಹೋಗಿ ನೀರು ಬಿಡಮ್ಮ."

ಸಾವಂತ್ರವ್ವ ಸೆರಗು ಸರಿಮಾಡಿಕೊಂಡು ಮತ್ತೆ ಬೆಂಚಿನ ಮೇಲೆ ಕೂತಳು.

"ಆದೇಶ ಟೈಪಾಗಿ ಸಹಿ ಬೀಳಲಿ ಸಾಹೇಬ್ರ. ನನ್ನ ರಜಾ ಸಂಜಿತನಕಾ ಐತ್ರಿ."

ಆ ಕೋರ್ಟಿನಲ್ಲಿ ಒಂದು ಆದೇಶ ಹತ್ತೇ ನಿಮಿಷದಲ್ಲಿ ಟೈಪಾದದ್ದು ಅದೇ ಮೊದಲು.